ಕ್ಯಾಶ್ಮೀರ್ ಸ್ವೆಟರ್ ಮನೆಯಲ್ಲೇ ಒಗೆಯೋದು ಹೇಗೆ?

ಪ್ರಶ್ನೆ
ಒಂದು ಕ್ಯಾಶ್ಮೀರ್ (ಮೇಕೆಯ ನವಿರು ಉಣ್ಣೆ), ಎರಡು ಮೆರಿನೊ (ಕುರಿಯ ನುಣುಪು ಉಣ್ಣೆ) ಸ್ವೆಟರ್ ಇವೆ. ಲೇಬಲ್‌ನಲ್ಲಿ ನೀರಿನ ತೊಟ್ಟಿಯಲ್ಲಿ ಕೈ ಇಟ್ಟಿರೋ ಗುರುತಿದೆ. ನಮ್ಮದು ಬೋರ್‌ವೆಲ್ ನೀರು. ಮಾಮೂಲಿ ವಾಷಿಂಗ್ ಪೌಡರ್ ನಡೆಯುತ್ತಾ, ಅಂಟುವಾಳಕಾಯಿ ವಾಸಿನಾ?

ಉತ್ತರ 1
ಪೌಡರ್ ಬೇಡವೇ ಬೇಡ. ಅದರಲ್ಲಿ ಕ್ಷಾರ ಜಾಸ್ತಿ, ಎಷ್ಟೋ ಪೌಡರ್‌ಗಳಲ್ಲಿ ಕಲೆ ತೆಗೆಯೋ ಕಿಣ್ವವೂ ಇರುತ್ತೆ. ಉಣ್ಣೆ ನಮ್ಮ ಕೂದಲಿನಂತೆ ಪ್ರೋಟೀನ್. ಪ್ರೋಟೀನ್ ಕಲೆ ಕರಗಿಸೋ ಕಿಣ್ವ ಎಳೆಯನ್ನೂ ಸವೆಸುತ್ತೆ. ಈಝಿ ಥರದ, ಉಣ್ಣೆ ಬಟ್ಟೆಗೆಂದೇ ಇರೋ ಲಿಕ್ವಿಡ್ ತಗೊಳ್ಳಿ. ಒಂದು ಸ್ವೆಟರಿಗೆ 5 ಲೀಟರ್ ನೀರು, ಒಂದು ದೊಡ್ಡ ಚಮಚ ಲಿಕ್ವಿಡ್ ಸಾಕು. ನೀರು 30 ಡಿಗ್ರಿ ಮೀರಬಾರದು. ಒಳಮೈ ಹೊರಗೆ ತಿರುಗಿಸಿ 10 ನಿಮಿಷ ನೆನೆಸಿ, ಅಂಗೈಯಲ್ಲಿ ಒತ್ತಿ ಒತ್ತಿ ಬಿಡಿ. ಉಜ್ಜಲೇಬಾರದು. ಎಳೆಯ ಮೈಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ, ಉಜ್ಜಿದರೆ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತೆ. ಹಾಗಾದದ್ದು ಪೂರ್ತಿ ಸರಿಹೋಗಲ್ಲ. ಜಾಲಿಸೋ ನೀರೂ ಅಷ್ಟೇ ಬೆಚ್ಚಗಿರಲಿ.

ಉತ್ತರ 2
ಅಂಟುವಾಳ ಧಾರಾಳವಾಗಿ ಬಳಸಿ, ಉಣ್ಣೆಗೂ ರೇಷ್ಮೆಗೂ ಒಳ್ಳೇದು. 8–10 ಕಾಯಿಯ ಬೀಜ ತೆಗೆದು ಅರ್ಧ ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ 4 ಲೀಟರ್ ನೀರಿಗೆ ಸೇರಿಸಿ. ಬಾರ್ ಸೋಪು ಬೋರ್‌ವೆಲ್‌ನಂಥ ಗಡಸು ನೀರಲ್ಲಿ ಬಿಳಿ ಜಿಡ್ಡಾಗಿ ಎಳೆಗೆ ಅಂಟಿಕೊಳ್ಳುತ್ತೆ, ಇದರಲ್ಲಿ ಆ ಕಾಟ ಇಲ್ಲ. ಆದರೆ ರಸ ಕಂದು ಬಣ್ಣ: ಬಿಳಿ, ಕೆನೆಬಣ್ಣದ ಸ್ವೆಟರಿಗೆ ಹಾಕಬೇಡಿ. ಲಿಕ್ವಿಡ್ ಬಳಸಿದರೆ ಕೊನೇ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ, ಮಿಕ್ಕ ಕ್ಷಾರ ಹೋಗುತ್ತೆ.

ಉತ್ತರ 3
ಸ್ವೆಟರ್ ಹೆಚ್ಚಾಗಿ ಕೆಡೋದು ಒಗೆದ ಮೇಲೆ. ಒದ್ದೆ ಉಣ್ಣೆಗೆ ಬಲ ಕಮ್ಮಿ, ತನ್ನ ಭಾರಕ್ಕೇ ಜಗ್ಗುತ್ತೆ. ಎತ್ತುವಾಗ ಎರಡೂ ಕೈ ಅಡಿಗೆ ಕೊಡಿ, ಹಿಂಡಬೇಡಿ. ದಪ್ಪ ಟವೆಲ್ ಮೇಲೆ ಹರಡಿ, ಸುರುಳಿ ಸುತ್ತಿ, ಮೊಣಕೈಯಲ್ಲಿ ಒತ್ತಿ ನೀರು ಹೀರಿಸಿ. ಒಗೆಯೋಕೆ ಮುಂಚೆಯೇ ಎದೆಯಗಲ, ಉದ್ದ, ತೋಳು ಟೇಪಿನಲ್ಲಿ ಅಳೆದು ಬರೆದಿಟ್ಟಿರಿ. ಅದೇ ಅಳತೆಗೆ ಎಳೆದು ಸರಿಮಾಡಿ, ಫ್ಯಾನಿನ ಕೆಳಗೆ ನೆರಳಲ್ಲಿ ಮಲಗಿಸಿ ಒಣಗಿಸಿ. ಕಂಕುಳಲ್ಲಿ ಎದ್ದ ಉಂಡೆಗಳನ್ನ ಬೆರಳಲ್ಲಿ ಕಿತ್ತರೆ ಇನ್ನಷ್ಟು ಎಳೆ ಹೊರಬರುತ್ತೆ, ಒಣಗಿದ ಮೇಲೆ ಸ್ವೆಟರ್ ಬಾಚಣಿಗೆಯಲ್ಲಿ ತೆಗೀರಿ.

ಪ್ರಶ್ನೆ ಕೇಳಿದವರು
ಮಷಿನ್‌ನಲ್ಲಿ ವುಲನ್ ಮೋಡ್ ಇದೆಯಲ್ಲ?

ಉತ್ತರ 1
ಕೈಯ ಗುರುತಿರೋದು ಯಾವುದೂ ಬೇಡ. ಮಷಿನ್‌ನಲ್ಲಿ ಒಗೆಯಬಹುದು ಅಂತ ಲೇಬಲ್‌ನಲ್ಲೇ ಇರೋ ಮೆರಿನೊ ಮಾತ್ರ ಹಾಕಿ, ಅದೂ ಜಾಲರಿ ಚೀಲದೊಳಗೆ, ತಣ್ಣೀರಲ್ಲಿ, ಸ್ಪಿನ್ ಆದಷ್ಟೂ ಕಮ್ಮಿ ಇಟ್ಟು.