ಹಾಲಿನಲ್ಲಿ ಮೆಲಮೈನ್ ಪತ್ತೆ: ಚಿನ್ನದ ನ್ಯಾನೋಕಣ ಒಮ್ಮೆ ಸುಮ್ಮನೆ ನೀಲಿ, ಇನ್ನೊಮ್ಮೆ ಬೇಕಾದಾಗಲೂ ಕೆಂಪು

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಸರ್, ಹಾಲಿಗೆ ಕಲಬೆರಕೆಯಾಗಿ ಬೆರೆಸುವ ನೈಟ್ರೋಜನ್‌ಭರಿತ ರಾಸಾಯನಿಕ ಮೆಲಮೈನನ್ನು ಪತ್ತೆಹಚ್ಚಲು, ಸಿಟ್ರೇಟ್ (ಕಣಗಳಿಗೆ ಋಣ ಆವೇಶ ಕೊಟ್ಟು ಬಿಡಿಬಿಡಿಯಾಗಿ ಇಡುವ ಅಯಾನು) ಹೊದಿಕೆಯ 13 ನ್ಯಾನೋಮೀಟರ್ ಚಿನ್ನದ ಕಣ ಬಳಸುತ್ತಿದ್ದೇನೆ. ಶುದ್ಧ ನೀರಿಗೆ ಮೆಲಮೈನ್ ಬೆರೆಸಿದರೆ 1 ಮೈಕ್ರೋಮೋಲಾರ್ ಸುತ್ತಮುತ್ತಲೇ ಬಣ್ಣ ಕೆಂಪಿನಿಂದ ನೀಲಿಗೆ ತಿರುಗುತ್ತದೆ. ಹಾಲಿಗೆ ಬಂದರೆ ಕಷ್ಟ. 1 ಮಿಲಿಲೀಟರ್ ಹಾಲಿಗೆ ಅಷ್ಟೇ ಪ್ರಮಾಣದ 10% ಟ್ರೈಕ್ಲೋರೋಅಸಿಟಿಕ್ ಆಮ್ಲ ಹಾಕಿ (ಪ್ರೋಟೀನ್ ಗಟ್ಟಿಯಾಗಿ ಬೇರ್ಪಡಲೆಂದು), ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯ 100 ಮೈಕ್ರೋಲೀಟರನ್ನು 900 ಮೈಕ್ರೋಲೀಟರ್ ಚಿನ್ನಕ್ಕೆ ಸೇರಿಸುತ್ತೇನೆ. ಕೆಲವು ಬ್ಯಾಚ್‌ಗಳಲ್ಲಿ ಮೆಲಮೈನ್ ಇಲ್ಲದ ಹಾಲೂ ನೀಲಿಯಾಗುತ್ತದೆ, ಕೆಲವದರಲ್ಲಿ ಮೆಲಮೈನ್ ಹಾಕಿದರೂ ಕೆಂಪೇ ಉಳಿಯುತ್ತದೆ. ಕಣಗಳೇ ಕೆಟ್ಟಿವೆಯೇ?

ಉತ್ತರ (ನ್ಯಾನೋಕಣ ರಸಾಯನ): ಶುದ್ಧ ನೀರಿನಲ್ಲಿ ಸರಿಯಾಗಿ ನಡೆಯುತ್ತಿದೆ ಎಂದರೆ ಕಣಗಳು ಚೆನ್ನಾಗಿಯೇ ಇವೆ. ನೀಲಿ ಬಣ್ಣ ಹೇಳುವುದು ಕಣಗಳು ಒಂದರ ಹತ್ತಿರ ಒಂದು ಬಂದಿವೆ ಎಂಬುದನ್ನಷ್ಟೇ. ಅವನ್ನು ಹತ್ತಿರ ತಂದವರು ಯಾರೆಂದು ಅದು ಹೇಳುವುದಿಲ್ಲ. ಬಿಡಿ ಕಣಗಳ ಪ್ಲಾಸ್ಮಾನ್ (ಚಿನ್ನದ ಎಲೆಕ್ಟ್ರಾನ್‌ಗಳು ಬೆಳಕಿಗೆ ಒಟ್ಟಾಗಿ ತೂಗಾಡುವುದು) 520 ನ್ಯಾನೋಮೀಟರ್ ಬಳಿ ಬೆಳಕು ಹೀರುತ್ತದೆ. ಅಂತರ ಕಣದ ವ್ಯಾಸಕ್ಕಿಂತ ಕಡಿಮೆಯಾದಾಗ ಪ್ಲಾಸ್ಮಾನ್‌ಗಳು ಜೋಡಿಗೊಂಡು ಹೀರಿಕೆ 600–700ರ ಕಡೆ ಸರಿಯುತ್ತದೆ. ಮೆಲಮೈನ್ ತನ್ನ ಅಮೈನ್ ಗುಂಪುಗಳಿಂದ ಸಿಟ್ರೇಟನ್ನು ಸರಿಸಿ ಇದನ್ನು ಮಾಡುತ್ತದೆ. ಆಮ್ಲ, ಉಪ್ಪು, ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡಬಲ್ಲವು.

ನಿಮ್ಮ ಲೆಕ್ಕವನ್ನೇ ನೋಡೋಣ. ತಿಳಿಯಲ್ಲಿ ಆಮ್ಲ 5%, ಅಂದರೆ ಸುಮಾರು 0.3 ಮೋಲಾರ್. ಚಿನ್ನಕ್ಕೆ ಬಿದ್ದಾಗ 30 ಮಿಲಿಮೋಲಾರ್. ಪಿಎಚ್ 2ರ ಕೆಳಗೆ ಹೋಗುತ್ತದೆ, ಸಿಟ್ರೇಟ್ ತನ್ನ ಋಣ ಆವೇಶ ಕಳೆದುಕೊಳ್ಳುತ್ತದೆ, ಕಣಗಳನ್ನು ದೂರ ಇಡುವವರೇ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7ಕ್ಕೆ ತಂದರೂ ಆಮ್ಲ ಉಪ್ಪಾಗಿ ಅಲ್ಲೇ ಉಳಿಯುತ್ತದೆ. 30 ಮಿಲಿಮೋಲಾರ್‌ನಲ್ಲಿ ಆವೇಶದ ರಕ್ಷಣಾ ಪದರ 2 ನ್ಯಾನೋಮೀಟರ್‌ಗಿಂತ ತೆಳು. ಅದರ ಮೇಲೆ, ಆಮ್ಲ ತಾಗಿದಾಗ ಹಾಲಿನ ಪ್ರೋಟೀನಾದ ಕೇಸೀನ್‌ನೊಳಗಿನ ಕ್ಯಾಲ್ಸಿಯಂ ಹೊರಬರುತ್ತದೆ. ಹಾಲಿನಲ್ಲಿ ಅದು ಸುಮಾರು 30 ಮಿಲಿಮೋಲಾರ್ ಇದೆ. ಕ್ಯಾಲ್ಸಿಯಂನಂಥ ಎರಡು ಆವೇಶದ (ದ್ವಿವೇಲೆನ್ಸಿ) ಅಯಾನು ಸೋಡಿಯಂಗಿಂತ ಬಹಳ ಕಡಿಮೆ ಪ್ರಮಾಣದಲ್ಲೇ ಕಣಗಳನ್ನು ಗುಂಪುಗೂಡಿಸುತ್ತದೆ.

ಕೆಂಪೇ ಉಳಿಯುವ ಬ್ಯಾಚ್‌ಗಳ ಕತೆ ಇದಕ್ಕೆ ವಿರುದ್ಧ. ಅಲ್ಲಿ ಪ್ರೋಟೀನ್ ಪೂರ್ತಿ ಹೋಗಿಲ್ಲ. ಉಳಿದ ಪ್ರೋಟೀನ್ ಕಣದ ಮೇಲೆ ಕೂತು ದಪ್ಪ ಹೊದಿಕೆಯಾಗುತ್ತದೆ. ಮೆಲಮೈನ್‌ಗೆ ಚಿನ್ನ ಸಿಗುವುದೇ ಇಲ್ಲ. ಇದು ನನಗೆ ಹೆಚ್ಚು ಆತಂಕದ ವಿಷಯ, ಕಲಬೆರಕೆ ಹಾಲು ಶುದ್ಧವೆಂದು ಪಾಸಾಗುವುದು ಹೀಗೆಯೇ. ಪರೀಕ್ಷೆ ಸುಲಭ: ಹಾಲಿನ ತಿಳಿ ಸೇರಿಸಿದ ಚಿನ್ನಕ್ಕೆ 100 ಮಿಲಿಮೋಲಾರ್ ಆಗುವಷ್ಟು ಸೋಡಿಯಂ ಕ್ಲೋರೈಡ್ ಹಾಕಿ. ಬರಿಯ ಸಿಟ್ರೇಟ್ ಕಣ ತಕ್ಷಣ ನೀಲಿಯಾಗಬೇಕು. ಆಗಲೂ ಕೆಂಪಾಗಿದ್ದರೆ ಪ್ರೋಟೀನ್ ಹೊದಿಕೆ ಇದೆ ಎಂದೇ ಅರ್ಥ.

ಪ್ರಶ್ನೆ (ಅವರೇ): ಹಾಗಾದರೆ ತಿಳಿಯನ್ನು ಇನ್ನೂ ತೆಳು ಮಾಡಿದರೆ ಸಾಲದೇ ಸರ್?

ಉತ್ತರ (ವಿಶ್ಲೇಷಣಾ ರಸಾಯನ): ಸಾಲದು. ಹಾಲು ಮತ್ತಿತರ ಆಹಾರಕ್ಕೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ ಆಯೋಗ) ಮಿತಿ ಕಿಲೋಗೆ 2.5 ಮಿಲಿಗ್ರಾಂ, ಶಿಶು ಆಹಾರದ ಪುಡಿಗೆ 1 ಮಿಲಿಗ್ರಾಂ. ಮೆಲಮೈನ್ ಅಣುತೂಕ 126, ಆದ್ದರಿಂದ 2.5 ಮಿಲಿಗ್ರಾಂ ಎಂದರೆ ಸುಮಾರು 20 ಮೈಕ್ರೋಮೋಲಾರ್. ನಿಮ್ಮ ಕ್ರಮದಲ್ಲಿ ಈಗಾಗಲೇ 20 ಪಟ್ಟು ತೆಳುವಾಗಿ 1 ಮೈಕ್ರೋಮೋಲಾರ್‌ಗೆ ಬಂದಿದೆ; ನಿಮ್ಮ ಪತ್ತೆಯ ಅಂಚು ಅದೇ. ಇನ್ನು ತೆಳು ಮಾಡಲು ಜಾಗವಿಲ್ಲ.

ಬದಲಿಗೆ ಆಮ್ಲೀಯ ತಿಳಿಯನ್ನು ನ್ಯೂಟ್ರಲ್ ಮಾಡದೆ ಹಾಗೆಯೇ, ಧನ ಆವೇಶದ ಅಣುಗಳನ್ನು ಹಿಡಿದಿಡುವ ಮಿಶ್ರ ವಿಧದ ಕ್ಯಾಟಯಾನ್ ವಿನಿಮಯ ಕಾರ್ಟ್ರಿಜ್‌ಗೆ ಹಾಕಿ. ಮೆಲಮೈನ್ ಧನ ಆವೇಶ ಪಡೆದು ಹಿಡಿದುಕೊಳ್ಳುತ್ತದೆ. ನೀರಿನಿಂದ, ಆಮೇಲೆ ಮೆಥನಾಲ್‌ನಿಂದ ತೊಳೆದು, 5% ಅಮೋನಿಯಾ ಇರುವ ಮೆಥನಾಲ್‌ನಲ್ಲಿ ಇಳಿಸಿ. ನೈಟ್ರೋಜನ್ ಹಾಯಿಸಿ ಪೂರ್ತಿ ಒಣಗಿಸಿ (ಅಮೋನಿಯಾ ಉಳಿದರೆ ಪಿಎಚ್ ಏರುತ್ತದೆ), ಶುದ್ಧ ನೀರಿನಲ್ಲಿ ಕರಗಿಸಿ. ಕ್ಯಾಲಿಬ್ರೇಶನ್ ರೇಖೆಯನ್ನು (ಅಳತೆಯನ್ನು ಮೆಲಮೈನ್ ಪ್ರಮಾಣಕ್ಕೆ ಹೊಂದಿಸುವ ರೇಖೆ) ನೀರಿನಲ್ಲಿ ಎಳೆಯಬೇಡಿ. ಮೆಲಮೈನ್ ಇಲ್ಲದ ಹಾಲಿಗೆ ಮೊದಲೇ ಗೊತ್ತಿರುವ ಪ್ರಮಾಣ ಸೇರಿಸಿ, ಇದೇ ಹಾದಿಯಲ್ಲಿ ತಂದು ಎಳೆಯಿರಿ.

ಪ್ರಶ್ನೆ (ಇನ್ನೊಬ್ಬ ಸದಸ್ಯ): ಮೇಡಂ, ಅಳತೆ ಯಾವ ತರಂಗಾಂತರದಲ್ಲಿ?

ಉತ್ತರ (ವಿಶ್ಲೇಷಣಾ ರಸಾಯನ): 400ರಿಂದ 800ರವರೆಗೆ ಪೂರ್ತಿ ಸ್ಕ್ಯಾನ್ ಮಾಡಿ, 650 ಮತ್ತು 520ರ ಅಬ್ಸಾರ್ಬೆನ್ಸ್ (ಬೆಳಕಿನ ಹೀರಿಕೆಯ ಅಳತೆ) ಅನುಪಾತ ತೆಗೆದುಕೊಳ್ಳಿ. 520ರಲ್ಲಿ ಆರಂಭದ ಮೌಲ್ಯ 1ರ ಒಳಗಿರಲಿ. ಬೆರೆಸಿದ ಮೇಲೆ ಎಲ್ಲ ಮಾದರಿಗಳಿಗೂ ಒಂದೇ ಕಾಯುವ ಸಮಯ ಕೊಡಿ, ಉದಾಹರಣೆಗೆ 10 ನಿಮಿಷ, ಏಕೆಂದರೆ ಗುಂಪುಗೂಡುವಿಕೆ ನಿಲ್ಲುವುದಿಲ್ಲ. ತಡವಾದರೆ ಗುಂಪುಗಳು ತಳಕ್ಕಿಳಿದು ಎರಡೂ ಮೌಲ್ಯ ಕುಸಿಯುತ್ತವೆ, ಅನುಪಾತ ದಾರಿ ತಪ್ಪಿಸುತ್ತದೆ. ಕಣದ ಸಾಂದ್ರತೆಯನ್ನೂ ದಿನದಿಂದ ದಿನಕ್ಕೆ ಬದಲಿಸಬೇಡಿ. ಕಣ ಹೆಚ್ಚಿದ್ದರೆ ಅಷ್ಟೇ ನೀಲಿಗೆ ಹೆಚ್ಚು ಮೆಲಮೈನ್ ಬೇಕಾಗುತ್ತದೆ.

ಪ್ರಶ್ನೆ (ಅದೇ ಸದಸ್ಯ): ಗುಂಪುಗೂಡಿಸದೆ, ಕಣದ ಸುತ್ತಲಿನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆ) ಬದಲಾದಾಗ ಹೀರಿಕೆಯ ಶೃಂಗ ಸರಿಯುವುದನ್ನೇ ಅಳೆಯಬಹುದಲ್ಲವೇ?

ಉತ್ತರ (ನ್ಯಾನೋಕಣ ರಸಾಯನ): ಇಷ್ಟು ಸಣ್ಣ ಗೋಳಗಳಲ್ಲಿ ಬೇಡ. ಸೂಚ್ಯಂಕ ಒಂದು ಪೂರ್ಣ ಘಟಕ ಬದಲಾದರೆ ಶೃಂಗ ಸರಿಯುವುದು ಹತ್ತಾರು ನ್ಯಾನೋಮೀಟರ್ ಮಾತ್ರ. 0.001 ಬದಲಾವಣೆಗೆ ಒಂದು ನ್ಯಾನೋಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ ಅದನ್ನು ಕಾಣದು. ಚಿನ್ನದ ನ್ಯಾನೋಕಡ್ಡಿಗಳು ಹಲವು ಪಟ್ಟು ಚುರುಕು, ಆದರೆ ಮೆಲಮೈನ್‌ನಂಥ ಪುಟ್ಟ ಅಣು ಅಂಟಿದರೆ ಅಲ್ಲೂ ಸಿಗುವ ಸಂಕೇತ ದುರ್ಬಲ. ಆ ವಿಧಾನ ಪ್ರತಿಕಾಯ, ಪ್ರೋಟೀನ್‌ನಂಥ ದೊಡ್ಡ ಅಣುಗಳಿಗೆ ಇರಲಿ.