ಡಿಟರ್ಮಿನೆಂಟ್ ಸೊನ್ನೆ ಬಂತು, ಎಲ್ಲಿ ತಪ್ಪಿತು?

ವಿದ್ಯಾರ್ಥಿನಿ, ಕುಂಬಳೆ: ಸರ್, ಸರ್ಕ್ಯೂಟಿನಲ್ಲಿ ಮೂರು ನೋಡ್ (ವೈರುಗಳು ಸೇರುವ ಬಿಂದು), ಅವುಗಳ ನಡುವೆ ಮೂರು 1 ಓಮ್ ರೆಸಿಸ್ಟರ್. ಮೂರಕ್ಕೂ ಕಿರ್ಕಾಫ್ ಕರೆಂಟ್ ನಿಯಮ (ನೋಡಿಗೆ ಬಂದಷ್ಟೇ ಕರೆಂಟ್ ಹೊರಗೆ ಹೋಗಬೇಕು) ಬರೆದೆ. ಮ್ಯಾಟ್ರಿಕ್ಸಿನ ಸಾಲುಗಳು (2, −1, −1), (−1, 2, −1), (−1, −1, 2). ಡಿಟರ್ಮಿನೆಂಟ್ ಸೊನ್ನೆ ಬರುತ್ತಿದೆ, ಹಾಗಾಗಿ ವೋಲ್ಟೇಜಿಗೆ ಒಂದೇ ಉತ್ತರ ಸಿಗುತ್ತಿಲ್ಲ.

ಎಂಜಿನಿಯರ್: ತಪ್ಪಿಲ್ಲ. ಮೂರು ಸಾಲು ಕೂಡಿಸಿ, ಎಲ್ಲ ಸೊನ್ನೆ. ಅಂದರೆ ಮೂರನೇ ಸಾಲು ಹೊಸದೇನೂ ಹೇಳುವುದಿಲ್ಲ. ಒಂದು ನೋಡನ್ನು 0 ವೋಲ್ಟ್ ಎಂದು ಹಿಡಿದು ಅದರ ಸಾಲು, ಕಾಲಂ ತೆಗೆಯಿರಿ. (2, −1), (−1, 2) ಉಳಿಯುತ್ತದೆ, ಡಿಟರ್ಮಿನೆಂಟ್ 3. ಮೊದಲ ನೋಡಿಗೆ 3 ಆಂಪಿಯರ್ ಕೊಟ್ಟರೆ 2 ವೋಲ್ಟ್, 1 ವೋಲ್ಟ್ ಬರುತ್ತದೆ.

ವಿದ್ಯಾರ್ಥಿ, ಮಂಜೇಶ್ವರ: ನನಗೂ ಸೊನ್ನೆ ಸರ್. ನಾಲ್ಕು ನೋಡ್.

ಎಂಜಿನಿಯರ್: ಮೇಲೆ ಓದಿ.

ನಿವೃತ್ತ ಮಾಷ್ಟ್ರು, ಕಾಸರಗೋಡು: ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್ ಬದಲು ಮಾತೃಕೆ, ನಿರ್ಧಾರಕ ಅನ್ನಬಾರದಾ? ಕನ್ನಡ ಉಳಿಸಲು ಇಲ್ಲಿ ಎಷ್ಟು ಒದ್ದಾಡುತ್ತೇವೆ.

ವಿದ್ಯಾರ್ಥಿ, ಮಂಜೇಶ್ವರ: ಮಾಷ್ಟ್ರೇ, ನಾನೂ ಹತ್ತರವರೆಗೆ ಕನ್ನಡದಲ್ಲೇ ಕಲಿತವನು. ಕಾಲೇಜಿನಲ್ಲಿ ನಿರ್ಧಾರಕ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ನಿವೃತ್ತ ಮಾಷ್ಟ್ರು: ನೀವು ಹೇಳದಿದ್ದರೆ ಗೊತ್ತಾಗುವುದು ಹೇಗೆ?

ಕೃಷಿಕ, ಬದಿಯಡ್ಕ: ಅಣ್ಣ, ಇದು ಅರ್ಜೆಂಟ್. ನಮ್ಮದು ಮೂರು ಫೇಸಿನ ಮನೆ. ಗಾಳಿಮಳೆ ಆದ ಮೇಲೆ ಚಾವಡಿಯ ಬಲ್ಬ್ ಕಣ್ಣು ಕುಕ್ಕುವ ಹಾಗೆ ಉರಿದು ಹೋಯಿತು, ಅಡಿಗೆ ಕೋಣೆಯಲ್ಲಿ ಮಂಕು. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಹೋದರೆ ಅರ್ಥ್ ವೈರಿಗೆ ಜೋಡಿಸಿ ಅಂತ ವಾಟ್ಸಾಪಿನಲ್ಲಿ ಬಂದಿದೆ. ಜೋಡಿಸಲಾ?

ಎಂಜಿನಿಯರ್: ಬೇಡ! ಮೊದಲು ಮೈನ್ ಸ್ವಿಚ್ ಆಫ್ ಮಾಡಿ, ವಿದ್ಯುತ್ ಬೋರ್ಡಿನ ಸೆಕ್ಷನ್ ಆಫೀಸಿಗೆ ಫೋನ್ ಮಾಡಿ, ಆಮೇಲೆ ಓದಿ. ನ್ಯೂಟ್ರಲ್ ಕಡಿದ ಲಕ್ಷಣ ಇದು. ಒಂದು ಫೇಸಿನಲ್ಲಿ 1000 ವಾಟ್ ಹೀಟರ್, ಇನ್ನೊಂದರಲ್ಲಿ 100 ವಾಟ್ ಬಲ್ಬ್, ಮೂರನೆಯದು ಖಾಲಿ ಅಂತಿಟ್ಟುಕೊಳ್ಳಿ. ನ್ಯೂಟ್ರಲ್ ಇದ್ದಾಗ ಎರಡಕ್ಕೂ 230 ವೋಲ್ಟ್. ಕಡಿದರೆ ಎರಡೂ ಸರಣಿಯಲ್ಲಿ ಬಂದು ಎರಡು ಫೇಸುಗಳ ನಡುವಿನ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಬಲ್ಬಿನ ರೆಸಿಸ್ಟೆನ್ಸ್ ಹತ್ತು ಪಟ್ಟು ಅಂತ ಹಿಡಿದರೆ ಬಲ್ಬಿಗೆ ಸುಮಾರು 364, ಹೀಟರಿಗೆ 36. ಕುಂಬಳೆಯವರೂ ನೋಡಿ, ಸೊನ್ನೆ ಅಂತ ಹಿಡಿದಿದ್ದ ನೋಡ್, ಅಂದರೆ ಇಲ್ಲಿ ನ್ಯೂಟ್ರಲ್, ಮನೆಯೊಳಗೆ ಸೊನ್ನೆಯಾಗಿ ಉಳಿದಿಲ್ಲ, ಅದಕ್ಕೂ ಈಗ ಒಂದು ಸಾಲು ಬರೆಯಬೇಕು. ಅರ್ಥಿಗೆ ಜೋಡಿಸಿದರೆ ಲೋಡಿನ ಕರೆಂಟೆಲ್ಲ ಅದರಲ್ಲೇ ಹರಿಯುತ್ತದೆ, ಮಣ್ಣಿನ ರೆಸಿಸ್ಟೆನ್ಸ್ ಜಾಸ್ತಿ, ಹಾಗಾಗಿ ಅದೇ ಅರ್ಥ್ ವೈರಿಗೆ ಸೇರಿಸಿರುವ ಫ್ರಿಜ್, ಪಂಪಿನ ಮೈಗೂ ವೋಲ್ಟೇಜ್ ಬರುತ್ತದೆ. ಮುಟ್ಟಿದವರ ಜೀವ ಹೋಗಬಹುದು. ಇಂಥದ್ದನ್ನೆಲ್ಲ ಸುಮ್ನೆ ಫಾರ್ವರ್ಡ್ ಮಾಡಬೇಡಿ ಅಂತ ಎಷ್ಟು ಸಲ ಹೇಳುವುದು?

ಸದಸ್ಯ, ಪೆರ್ಲ: ನಮ್ಮಲ್ಲಿ ಹಾಗೆ ಜೋಡಿಸಿ ವರ್ಷವಾಯಿತು, ಏನೂ ಆಗಿಲ್ಲ.

ಎಂಜಿನಿಯರ್: ಇವತ್ತೇ ಬಿಚ್ಚಿಸಿ.

ಸದಸ್ಯ, ಪೆರ್ಲ: ಸ್ವಲ್ಪ ಮರ್ಯಾದೆಯಿಂದ ಹೇಳಬಹುದಲ್ವಾ?

ಎಂಜಿನಿಯರ್: ಮನೆಯಲ್ಲಿ ಮಕ್ಕಳಿಲ್ವಾ? ಬಿಚ್ಚಿಸಿ.

ವಿದ್ಯಾರ್ಥಿ, ಮಂಜೇಶ್ವರ: ಸರ್, ಪರೀಕ್ಷೆಗೆ ಮೆಶ್ ವಿಧಾನ (ಲೂಪುಗಳ ಕರೆಂಟ್ ಹಿಡಿದು ಬಿಡಿಸುವುದು) ಸುಲಭವಾ, ನೋಡ್ ವಿಧಾನವಾ?

ಕೃಷಿಕ, ಬದಿಯಡ್ಕ: ಲೈನ್‌ಮ್ಯಾನ್ ಬಂದರು ಅಣ್ಣ. ಕಂಬದ ಹತ್ತಿರ ನ್ಯೂಟ್ರಲ್ ಜಾಯಿಂಟ್ ಬಿಟ್ಟಿತ್ತು.

ಎಂಜಿನಿಯರ್: ಸದ್ಯ. ಮೈನ್ ಹಾಕುವ ಮೊದಲು ಮೂರು ಫೇಸಿಗೂ ನ್ಯೂಟ್ರಲಿಗೂ ನಡುವೆ ಅವರಿಂದಲೇ ಅಳತೆ ಮಾಡಿಸಿ. 230ರ ಹತ್ತಿರ ಇರಬೇಕು.