ಕಂಪ್ರೆಸರ್ ಏಕೆ ಸುಡುತ್ತದೆ? ಮೆಕ್ಯಾನಿಕ್‌ಗೆ ಕೇಳಿ

ನಿರ್ವಾಹಕರು: ಮಳೆ ಹಿಡಿದಾಗಿನಿಂದ ಗುಂಪಿನಲ್ಲಿ ಫ್ರಿಜ್, ಡೀಪ್ ಫ್ರೀಜರ್, ಕೋಲ್ಡ್ ರೂಮ್ ಕೆಟ್ಟ ದೂರುಗಳೇ. ಕುಶಾಲನಗರದಲ್ಲಿ ಅಂಗಡಿ, ಹೋಟೆಲುಗಳ ಫ್ರಿಜ್ ರಿಪೇರಿ ಮಾಡುವ ನಮ್ಮ ಸದಸ್ಯರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಯಂತ್ರ ಯಾವುದು, ಏನಾಯಿತು ಎಂದು ಬಿಡಿಸಿ ಬರೆಯಿರಿ.

ಬೇಕರಿ, ಸೋಮವಾರಪೇಟೆ: ನಮಸ್ಕಾರ ಸರ್. ನಮ್ಮದು ಕೇಕ್ ಇಡುವ ಗಾಜಿನ ಫ್ರಿಜ್. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಎನ್ನುತ್ತಾರೆ. ನಿಜವೇ?

ಮೆಕ್ಯಾನಿಕ್: ನಮಸ್ಕಾರ. ನಿಜವಲ್ಲ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಸಣ್ಣ ಕೊಳವೆ ದಾಟಿ ಒತ್ತಡ ಇಳಿದ ಮೇಲೆ ಒಳಗಿನ ಕಾಯಿಲ್‌ನಲ್ಲಿ ಶಾಖ ಹೀರಿ ಕುದಿದು ಮತ್ತೆ ಅನಿಲವಾಗಿ ಕಂಪ್ರೆಸರ್‌ಗೆ ಬರುತ್ತದೆ. ಕಾರ್ಖಾನೆಯಲ್ಲಿ ತುಂಬಿದ್ದೇ ಕೊನೆಯವರೆಗೂ ಸುತ್ತಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಆ ಜಾಗ ಹುಡುಕಿ ಬೆಸುಗೆ ಹಾಕದೆ ತುಂಬಿಸಿದರೆ ದುಡ್ಡು ಗಾಳಿಗೆ. ಕಂಡೆನ್ಸರ್‌ನ ರೆಕ್ಕೆಗಳಲ್ಲಿ ಮೈದಾ ಕೂತಿದೆಯೇ ನೋಡಿ. ಬೇಕರಿಗೆ ಹೋದರೆ ನಾನು ಮೊದಲು ನೋಡುವುದು ಅದನ್ನೇ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಮೆದು ಬ್ರಷ್‌ನಿಂದ ಉಜ್ಜಿ.

ಹೋಂಸ್ಟೇ, ಭಾಗಮಂಡಲ: ಕರೆಂಟ್ ಬಂದೊಡನೆ ಫ್ರಿಜ್ ಹಿಂದೆ ಟಕ್ ಎಂದು ಶಬ್ದ, ಸ್ವಲ್ಪ ಹೊತ್ತು ಗುಂಯ್ ಎನ್ನುತ್ತದೆ, ಮತ್ತೆ ಟಕ್. ತಂಪಾಗುವುದಿಲ್ಲ. ನಮ್ಮದು ಲೈನಿನ ಕೊನೆಯ ಮನೆ, ಸಂಜೆ ವೋಲ್ಟೇಜ್ 160ರಲ್ಲಿರುತ್ತದೆ. ಕಂಪ್ರೆಸರ್ ಹೋಯಿತೇ?

ಮೆಕ್ಯಾನಿಕ್: ಈಗಲೇ ತೀರ್ಪು ಬೇಡ. ಮೋಟರಿನ ಆರಂಭದ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಬದಲು 160 ಸಿಕ್ಕರೆ ಶಕ್ತಿ ಅರ್ಧಕ್ಕಿಂತಲೂ ಕಡಿಮೆ. ಜೊತೆಗೆ ಕರೆಂಟ್ ಹೋಗಿ ತಕ್ಷಣ ಬಂದರೆ ಕಂಪ್ರೆಸರ್‌ನ ಎರಡೂ ಕಡೆಯ ಒತ್ತಡ ಸಮವಾಗಿರುವುದಿಲ್ಲ. ಮೋಟರು ತಿರುಗಲಾರದೆ ಬಿಸಿಯಾಗುತ್ತದೆ, ಓವರ್‌ಲೋಡ್ ಎಂಬ ರಕ್ಷಣಾ ಸ್ವಿಚ್ ಕರೆಂಟ್ ಕಡಿಯುತ್ತದೆ. ನಿಮಗೆ ಕೇಳುವ ಟಕ್ ಅದೇ. ಮೂರರಿಂದ ಐದು ನಿಮಿಷ ತಡೆದು ಕರೆಂಟ್ ಕೊಡುವ ಸ್ಟೆಬಿಲೈಸರ್ ಹಾಕಿಸಿ. ಅದಾದ ಮೇಲೂ ಹೀಗೇ ಇದ್ದರೆ ಮೋಟರನ್ನು ಶುರು ಮಾಡಿಸುವ ರಿಲೇ, ಕೆಪಾಸಿಟರ್ ನೋಡಿಸಿ. ಕಂಪ್ರೆಸರ್‌ನ ಮಾತು ಆಮೇಲೆ.

ಎಲೆಕ್ಟ್ರಿಕಲ್ ಅಂಗಡಿ, ಗೋಣಿಕೊಪ್ಪ: ಹೊಸ ಇನ್ವರ್ಟರ್ ಫ್ರಿಜ್‌ಗಳಿಗೆ ಸ್ಟೆಬಿಲೈಸರ್ ಬೇಡ ಎಂದು ಕಂಪನಿಯವರೇ ಬರೆದಿರುತ್ತಾರೆ.

ಹೋಂಸ್ಟೇ, ಭಾಗಮಂಡಲ: ಕಳೆದ ವರ್ಷ ಸ್ಟೆಬಿಲೈಸರ್ ಬೇಕೇಬೇಕು ಎಂದು ನಮಗೆ ಮಾರಿದ್ದು ನೀವೇ ಅಲ್ಲವೇ?

ಎಲೆಕ್ಟ್ರಿಕಲ್ ಅಂಗಡಿ, ಗೋಣಿಕೊಪ್ಪ: ಅದು ಟಿವಿಗೆ.

ಐಸ್‌ಕ್ರೀಂ ಪಾರ್ಲರ್, ಮಡಿಕೇರಿ: ಸರ್, ಫ್ರೀಜರ್‌ನ ಗಾಜು ಬೆವರುತ್ತದೆ, ಒಳಗೇನಿದೆ ಎಂದೇ ಗಿರಾಕಿಗಳಿಗೆ ಕಾಣುವುದಿಲ್ಲ. ಏನು ಮಾಡಬೇಕು?

ಹಂದಿ ಮಾಂಸದ ಅಂಗಡಿ, ವಿರಾಜಪೇಟೆ: ಸರ್, ನಮ್ಮದು ಮೈನಸ್ 18ರ ಕೋಲ್ಡ್ ರೂಮ್. ಕಂಪ್ರೆಸರ್ ಕಟ್ಟಡದ ಹಿಂದೆ ತಗಡಿನ ಮಾಡಿನ ಕೆಳಗಿದೆ. ಕಳೆದ ಮಳೆಗಾಲದಲ್ಲಿ ಒಂದು ಸುಟ್ಟು ಹೊಸದು ಹಾಕಿಸಿದೆವು. ಹೋದ ವಾರ ಲೈನಿನ ಮೇಲೆ ಸಿಲ್ವರ್ ಓಕ್ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಕೂಡಲೇ ಲೋಹಕ್ಕೆ ಲೋಹ ಬಡಿಯುವ ಶಬ್ದ, ಒಂದು ನಿಮಿಷದಲ್ಲಿ ಟ್ರಿಪ್. ಈಗ ಓಡುತ್ತಿದೆ, ಶಬ್ದ ಮಾತ್ರ ನಿಂತಿಲ್ಲ. ಕಂಪ್ರೆಸರ್ ನಕಲಿ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂತು.

ಮೆಕ್ಯಾನಿಕ್: ನಾಲ್ಕು ಪ್ರಶ್ನೆ. ಗ್ಯಾಸ್ ಯಾವುದು? ಮೊದಲನೆಯದು ಸುಟ್ಟಾಗ ಎಣ್ಣೆ ಯಾವ ಬಣ್ಣಕ್ಕಿತ್ತು? ಪೈಪಿನಲ್ಲಿ ತೇವ, ಕಸ ಹಿಡಿಯುವ ಡ್ರೈಯರ್ ಬದಲಿಸಿದರೇ? ಕಂಪ್ರೆಸರ್‌ನ ಬುಡಕ್ಕೆ ಬೆಲ್ಟಿನಂತೆ ಸುತ್ತಿದ ಹೀಟರ್ ಇದೆಯೇ?

ಹಂದಿ ಮಾಂಸದ ಅಂಗಡಿ, ವಿರಾಜಪೇಟೆ: ಆರ್404ಎ. ಎಣ್ಣೆ ಕಪ್ಪಗಿತ್ತು, ಕೆಟ್ಟ ವಾಸನೆ. ಡ್ರೈಯರ್ ಹಳೆಯದೇ. ಬೆಲ್ಟ್ ಇದೆ, ವೈರ್ ಕತ್ತರಿಸಿದ್ದಾರೆ. ಅದು ಚಳಿದೇಶಕ್ಕೆ, ಇಲ್ಲಿಗೆ ಬೇಡ ಎಂದರು.

ಮೆಕ್ಯಾನಿಕ್: ನಿಮ್ಮ ಕಂಪ್ರೆಸರ್ ನಕಲಿಯೋ ಅಸಲಿಯೋ, ಹೀಗೆ ನಡೆಸಿದರೆ ಮೂರನೆಯದೂ ಸುಡುತ್ತದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಂಪ್ರೆಸರ್ ಒತ್ತಬಲ್ಲದ್ದು ಅನಿಲವನ್ನು ಮಾತ್ರ. ದ್ರವ ಕುಗ್ಗುವುದಿಲ್ಲ. ಯಂತ್ರ ಬಹಳ ಹೊತ್ತು ನಿಂತರೆ ಗ್ಯಾಸ್ ಮೆಲ್ಲಗೆ ಬಂದು ಕಂಪ್ರೆಸರ್‌ನ ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆಗೂ ಅದಕ್ಕೂ ಅಷ್ಟು ನಂಟು. ಮೊದಲ ಗಂಟೆಗಳಲ್ಲಿ ಕೋಲ್ಡ್ ರೂಮ್ ಹೊರಗಿಗಿಂತ ತಣ್ಣಗಿರುವುದರಿಂದ ಅಪಾಯ ಕಡಿಮೆ. ಎರಡು ದಿನದಲ್ಲಿ ರೂಮ್ ಬಿಸಿಯೇರುತ್ತದೆ, ಹೊರಗೆ ನಮ್ಮ ಮಳೆಗೆ ಕಂಪ್ರೆಸರ್ ತಣ್ಣಗೆ ಕೊರೆಯುತ್ತಿರುತ್ತದೆ. ಆಗ ಗ್ಯಾಸ್ ಅಲ್ಲಿಗೇ ಹೋಗಿ ದ್ರವವಾಗಿ ಕೂರುತ್ತದೆ. ಕರೆಂಟ್ ಬಂದು ಮೋಟರು ತಿರುಗಿದೊಡನೆ ಒಳಗಿನ ಒತ್ತಡ ಕುಸಿಯುತ್ತದೆ, ಎಣ್ಣೆ ನೊರೆಯಾಗಿ ಗ್ಯಾಸಿನ ಜೊತೆ ಹೊರಗೆ ಓಡುತ್ತದೆ, ಬೇರಿಂಗ್ ಒಣಗುತ್ತದೆ. ದ್ರವ ಸಿಲಿಂಡರಿಗೆ ನುಗ್ಗಿದರೆ ವಾಲ್ವ್ ಮುರಿಯುತ್ತದೆ. ನೀವು ಕೇಳಿದ ಬಡಿತ ಇದೇ. ಇದನ್ನು ತಡೆಯಲೆಂದೇ ಆ ಹೀಟರ್ ಇರುವುದು. ಕತ್ತರಿಸಿದವರಿಗೆ ಕೊಡಗಿನ ಮಳೆಗಾಲದ ಪರಿಚಯವಿಲ್ಲ.

ದ್ರವದ ಪೈಪಿನಲ್ಲಿ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಇದೆ, ಅದು ಮುಚ್ಚಿಕೊಳ್ಳುತ್ತದೆ ಎಂದು ಯಾರಾದರೂ ಹೇಳಬಹುದು. ಯಂತ್ರ ತಾನಾಗಿ ನಿಲ್ಲುವಾಗ ಅದು ಸರಿ. ಕರೆಂಟ್ ಏಕಾಏಕಿ ಹೋದರೆ ಒಳಗಿನ ಕಾಯಿಲ್‌ನಲ್ಲಿರುವ ಗ್ಯಾಸನ್ನು ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ.

ಎರಡನೆಯ ಶತ್ರು ಆಮ್ಲ. ಕಪ್ಪು ಎಣ್ಣೆ ಎಂದರೆ ಮೋಟರಿನ ತಂತಿ ಸುತ್ತು, ಅಂದರೆ ವೈಂಡಿಂಗ್ ಸುಟ್ಟು ಆಮ್ಲ ಎಲ್ಲ ಪೈಪುಗಳಿಗೂ ಹೋಗಿದೆ. ಹಳೆಯ ಡ್ರೈಯರ್ ಇಟ್ಟು ಹೊಸ ಕಂಪ್ರೆಸರ್ ಕೂರಿಸಿದರೆ ಆಮ್ಲ ಅದರ ವೈಂಡಿಂಗನ್ನೂ ತಿನ್ನುತ್ತದೆ. 404ಎ ಯಂತ್ರಗಳಲ್ಲಿ ಬಳಸುವ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ, ತೇವದಿಂದ ಮತ್ತಷ್ಟು ಆಮ್ಲ. ಜುಲೈ ತಿಂಗಳಲ್ಲಿ ಪೈಪ್ ತೆರೆದಿಟ್ಟು ಊಟಕ್ಕೆ ಹೋಗುವವರನ್ನು ನಾನು ನೋಡಿದ್ದೇನೆ.

ಈಗ ಯಂತ್ರ ನಿಲ್ಲಿಸಿ. ಎಣ್ಣೆಯ ಆಮ್ಲ ಪರೀಕ್ಷೆ ಮಾಡಿಸಿ.

ತೋಟದ ಮಾಲೀಕರು, ಸಿದ್ದಾಪುರ: ಎರಡು ದಿನ ಕರೆಂಟ್ ಇಲ್ಲದ ಆ ಮಾಂಸ ಎಲ್ಲಿಗೆ ಹೋಯಿತು?

ಹಂದಿ ಮಾಂಸದ ಅಂಗಡಿ, ವಿರಾಜಪೇಟೆ: ಮೊದಲ ರಾತ್ರಿಯೇ ಅಣ್ಣನ ಅಂಗಡಿಯ ಡೀಪ್ ಫ್ರೀಜರ್‌ಗೆ ಸಾಗಿಸಿದೆವು. ನಮ್ಮ ಸಣ್ಣ ಜನರೇಟರ್ ಕೋಲ್ಡ್ ರೂಮನ್ನು ಎಳೆಯುವುದಿಲ್ಲ.

ತೋಟದ ಮಾಲೀಕರು, ಸಿದ್ದಾಪುರ: ಕೇಳುವ ಹಕ್ಕು ಗಿರಾಕಿಗಿದೆ.

ಹಂದಿ ಮಾಂಸದ ಅಂಗಡಿ, ವಿರಾಜಪೇಟೆ: ನೀವು ನಮ್ಮ ಗಿರಾಕಿಯಲ್ಲ. ಅಷ್ಟಕ್ಕೂ ಲೈನಿನ ಮೇಲೆ ಬಿದ್ದದ್ದು ನಿಮ್ಮಂಥವರು ಕೊಂಬೆ ಕಡಿಸದ ತೋಟದ ಮರ.

ತೋಟದ ಮಾಲೀಕರು, ಸಿದ್ದಾಪುರ: ಕಾಫಿಗೆ ನೆರಳು ಬೇಡವೇ? ಮರ ಮೊದಲು ಬಂತೋ ಲೈನ್ ಮೊದಲು ಬಂತೋ?

ಹೋಂಸ್ಟೇ, ಭಾಗಮಂಡಲ: ಇಬ್ಬರೂ ನಮ್ಮ ಕಡೆಗೆ ಬಂದು ನೋಡಿ. ಇಲ್ಲಿ ಲೈನ್ ಇದ್ದರೂ ಇಲ್ಲದಂತೆಯೇ.

ನಿರ್ವಾಹಕರು: ಮರದ ವಿಷಯ ಇಲ್ಲಿಗೆ ಸಾಕು.

ಕ್ಯಾಂಟೀನ್, ಸುಂಟಿಕೊಪ್ಪ: ಒಂದು ಫಾರ್ವರ್ಡ್ ಬಂದಿದೆ. ಫ್ರಿಜ್‌ಗೆ ಅಡುಗೆ ಸಿಲಿಂಡರಿನ ಗ್ಯಾಸ್ ತುಂಬಿಸಬಹುದಂತೆ, ಎರಡೂ ಪ್ರೊಪೇನೇ, ಖರ್ಚು ಕಡಿಮೆ. ಕಂಪ್ರೆಸರ್ ಮೇಲೆ ಒದ್ದೆ ಗೋಣಿ ಹಾಕಿ, ರಾತ್ರಿ ಆಫ್ ಮಾಡಿ ವಿಶ್ರಾಂತಿ ಕೊಟ್ಟರೆ ಬಾಳಿಕೆ ಬರುತ್ತದಂತೆ. ಸರಿಯೇ ಸರ್?

ಮೆಕ್ಯಾನಿಕ್: ಇದನ್ನು ಕಳಿಸಿದವರು ಮೊದಲು ತಮ್ಮ ಅಡುಗೆಮನೆಯಲ್ಲಿ ಮಾಡಿ ನೋಡಲಿ. ಫ್ರಿಜ್‌ಗೆ ಬಳಸುವ ಆರ್290 ಎಂಬ ಗ್ಯಾಸ್ ಶುದ್ಧೀಕರಿಸಿದ ಪ್ರೊಪೇನ್. ಅದಕ್ಕೆಂದೇ ಕಿಡಿ ಹಾರದ ಸ್ವಿಚ್‌ಗಳಿರುವ ಯಂತ್ರ ಬೇರೆ, ಗ್ಯಾಸನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ತುಂಬಬೇಕು. ನಿಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯುಟೇನ್ ಬೆರಕೆ, ವಾಸನೆಯ ರಾಸಾಯನಿಕ, ತೇವ. ಹಳೆಯ ಫ್ರಿಜ್ ಒಳಗೆ ಸೋರಿ ಥರ್ಮೋಸ್ಟಾಟ್ ಕಿಡಿ ಹಾರಿದರೆ ಬಾಗಿಲು ಎದುರು ಗೋಡೆಗೆ ಬಡಿಯುತ್ತದೆ. ಒದ್ದೆ ಗೋಣಿಯಿಂದ ಟರ್ಮಿನಲ್‌ಗೆ ನೀರಿಳಿದು ಶಾಕ್ ಹೊಡೆಯುತ್ತದೆ. ರಾತ್ರಿ ಆಫ್ ಮಾಡಿದರೆ ಹಾಲು, ಮಾಂಸ ಹಾಳು, ಬೆಳಗ್ಗೆ ಯಂತ್ರಕ್ಕೆ ಇಮ್ಮಡಿ ಕೆಲಸ. ಇಂಥದ್ದನ್ನು ಇನ್ನು ಮುಂದೆ ಇಲ್ಲಿ ಹಾಕಬೇಡಿ.

ಕ್ಯಾಂಟೀನ್, ಸುಂಟಿಕೊಪ್ಪ: ಕೇಳಿದ್ದಕ್ಕೇ ಇಷ್ಟು ಸಿಟ್ಟೇ?

ಮೆಕ್ಯಾನಿಕ್: ಹೌದು.

ಮೀನಿನ ಅಂಗಡಿ, ನಾಪೋಕ್ಲು: ಡೀಪ್ ಫ್ರೀಜರ್‌ಗೆ ವರ್ಷಕ್ಕೆ ಎಷ್ಟು ಸಲ ಗ್ಯಾಸ್ ತುಂಬಿಸಬೇಕು?

ಮೆಕ್ಯಾನಿಕ್: ಮೇಲೆ ಓದಿ.

ಹೋಟೆಲ್, ಶನಿವಾರಸಂತೆ: ಗ್ಯಾಸ್ ತುಂಬಿಸಲು ಎಷ್ಟಾಗುತ್ತದೆ?

ಐಸ್‌ಕ್ರೀಂ ಪಾರ್ಲರ್, ಮಡಿಕೇರಿ: ನನ್ನ ಗಾಜಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಎಲೆಕ್ಟ್ರಿಕಲ್ ಅಂಗಡಿ, ಗೋಣಿಕೊಪ್ಪ: ಟೇಬಲ್ ಫ್ಯಾನ್ ಹಾಕಿ. ನಮ್ಮಲ್ಲಿ ಸಿಗುತ್ತದೆ.

ಹೋಂಸ್ಟೇ, ಭಾಗಮಂಡಲ: ಬಂದರಪ್ಪ ವ್ಯಾಪಾರಕ್ಕೆ.

ಹಂದಿ ಮಾಂಸದ ಅಂಗಡಿ, ವಿರಾಜಪೇಟೆ: ಸರ್, ಯಂತ್ರ ನಿಲ್ಲಿಸಿ ಎಣ್ಣೆ ಪರೀಕ್ಷೆ ಮಾಡಿಸಿದೆ. ಆಮ್ಲ ಇದೆ. ಹೀಟರ್ ಜೋಡಿಸಬಹುದು, ಆದರೆ ಕರೆಂಟೇ ಇಲ್ಲದಾಗ ಹೀಟರಿಗೆ ಎಲ್ಲಿಂದ ತರಲಿ?

ಮೆಕ್ಯಾನಿಕ್: ಇದು ಪ್ರಶ್ನೆ. ಹೀಟರ್ ಎಳೆಯುವುದು ಒಂದು ಬಲ್ಬಿನಷ್ಟು ವಿದ್ಯುತ್. ಕೋಲ್ಡ್ ರೂಮನ್ನು ಎಳೆಯದ ನಿಮ್ಮ ಸಣ್ಣ ಜನರೇಟರ್, ಮನೆಯ ಇನ್ವರ್ಟರ್, ಎರಡಕ್ಕೂ ಅದು ಭಾರವಲ್ಲ. ಎಲೆಕ್ಟ್ರಿಷಿಯನ್‌ನಿಂದ ಹೀಟರಿಗೆ ಪ್ರತ್ಯೇಕ ವೈರ್ ಎಳೆಸಿ. ಕರೆಂಟ್ ಹೋದೊಡನೆ ಕಂಪ್ರೆಸರ್‌ನ ಬ್ರೇಕರ್ ಇಳಿಸಿ, ಹೀಟರ್ ಓಡಲಿ. ಅದೂ ಬಹಳ ಹೊತ್ತು ನಿಂತಿದ್ದರೆ ಕರೆಂಟ್ ಬಂದ ಮೇಲೆ ಹೀಟರ್ ಮಾತ್ರ ಹಾಕಿ 12 ಗಂಟೆಯಾದರೂ ಕಾಯಿರಿ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಸರಿ.

ಎರಡು ಡ್ರೈಯರ್ ತರಿಸಿಡಿ, ದ್ರವದ ಪೈಪಿಗೆ ಒಂದು, ಹೀರುವ ಪೈಪಿಗೆ ಆಮ್ಲ ಹಿಡಿಯುವಂಥದ್ದು ಒಂದು. ಎಣ್ಣೆಯ ಡಬ್ಬಿಯ ಸೀಲನ್ನು ನಾನು ಬರುವವರೆಗೆ ಯಾರೂ ಒಡೆಯಬಾರದು. ಪೈಪಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಒತ್ತಡ 500 ಮೈಕ್ರಾನ್‌ಗೆ ಇಳಿಯದೆ ಗ್ಯಾಸ್ ಬಿಡುವುದಿಲ್ಲ, ಇಡೀ ದಿನ ಹಿಡಿದರೂ ಹಿಡಿಯಲಿ. ಸೋಮವಾರ ಬೆಳಗ್ಗೆ ಬರುತ್ತೇನೆ. ಹೀಟರಿನ ವೈರ್ ಕತ್ತರಿಸಿದವರನ್ನೂ ಕರೆಸಿ.